ನನ್ನ ಡಬ್ಬಿಯ ಮೇಲೆ ತಾವು ಅಂಟಿಸಿದ ವಯಸ್ಸಿನ ಕುರಿತು

ಸಿಬ್ಬಂದಿ ವಿಕಾಸ ಅಧಿಕಾರಿಗಳಿಗೆ, ಕ್ಯಾಂಟೀನಿನ ಸೂಚನಾ ಫಲಕದ ಮೂಲಕ, ಓದಲು ಪುರುಸೊತ್ತಿರುವ ಎಲ್ಲರ ಸಮಕ್ಷಮದಲ್ಲಿ.

ಮಾನ್ಯರೇ, ಮಹನೀಯರೇ, ನಮ್ಮ ಮುಂದಿನ ಮೆಟ್ಟಿಲನ್ನು ನಮಗಿಂತ ಮೊದಲೇ ಕಂಡುಕೊಂಡವರೇ,

ತಾವು ಕ್ಷೇಮವೆಂದು ನಂಬುತ್ತೇನೆ. ನಾನಂತೂ ಕ್ಷೇಮ, ಏಕೆಂದರೆ ತಮ್ಮ ಕೃಪೆಯಿಂದ ಕ್ಷೇಮವಾಗಿರುವುದನ್ನು ಬಿಟ್ಟು ಬೇರೆ ಯಾವ ಕೆಲಸವೂ ನನಗೀಗ ಉಳಿದಿಲ್ಲ. ಬೆಳಗ್ಗೆ ಬಂದು ಮುಂಬಾಗಿಲ ಹಜಾರದ ಮೆತ್ತನೆಯ ಕುರ್ಚಿಯಲ್ಲಿ ಕ್ಷೇಮವಾಗಿ ಕೂರುತ್ತೇನೆ, ಮಧ್ಯಾಹ್ನ ಕ್ಷೇಮವಾಗಿ ತೂಕಡಿಸುತ್ತೇನೆ, ಸಂಜೆ ಅಷ್ಟೇ ಕ್ಷೇಮವಾಗಿ ಎದ್ದು ಮನೆಗೆ ಹೋಗುತ್ತೇನೆ. ಇಷ್ಟೊಂದು ಕ್ಷೇಮವನ್ನು ಒಬ್ಬಳೇ ಅನುಭವಿಸಿದರೆ ಸ್ವಾರ್ಥವಾಗುತ್ತದೆ ಅನ್ನಿಸಿತು. ಅದರಲ್ಲಿ ಸ್ವಲ್ಪವನ್ನು ತಮಗೂ ದಾಟಿಸೋಣವೆಂದು ಈ ಪತ್ರ ಬರೆಯುತ್ತಿದ್ದೇನೆ.

ಫಲಕದ ಮುಂದೆ ಚಹಾ ಲೋಟ ಹಿಡಿದು ನಿಂತು ಓದುವವರಲ್ಲಿ ಹೊಸಬರೂ ಇರುತ್ತಾರೆ, ಅವರಿಗಾಗಿ ನನ್ನ ಪರಿಚಯ ಹೇಳಿಬಿಡುತ್ತೇನೆ. ನಮ್ಮದು ಆಟಿಕೆ ಕಾರ್ಖಾನೆ. ಅದರ ಹಿಂಬದಿಯಲ್ಲಿ, ಕಿಟಕಿಗೆ ತಾಗಿದ ಉದ್ದ ಮೇಜಿರುವ ಕೋಣೆಗೆ ಎಲ್ಲರೂ ವಯಸ್ಸಿನ ಕೋಣೆ ಎನ್ನುತ್ತಾರೆ. ಹೊಸ ಆಟಿಕೆ ಯಾವುದೇ ಬರಲಿ, ಅದು ಎಷ್ಟು ವಯಸ್ಸಿನ ಮಗುವಿಗೆ ತಕ್ಕದ್ದೆಂದು ತೀರ್ಮಾನಿಸಿ ಡಬ್ಬಿಯ ಮೇಲೆ ಅಚ್ಚಾಗಬೇಕಾದ ವಯಸ್ಸನ್ನು ಹೇಳುವುದು ಅಲ್ಲಿನ ಕೆಲಸ. ಕೂದಲು ಕಪ್ಪಗಿದ್ದಾಗ ಆ ಮೇಜಿನ ಮುಂದೆ ಕೂತವಳು, ಅದು ಬೆಳ್ಳಗಾಗುವವರೆಗೂ ಅಲ್ಲೇ ಇದ್ದೆ. ಗೊಂಬೆಯ ಕೈ ಹಿಡಿದು ಜಗ್ಗುವುದು, ಬಾತುಕೋಳಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಅದರ ಮುಖ ನೋಡುತ್ತ ಕೂರುವುದು, ರೈಲಿಗೆ ಸ್ಪ್ರಿಂಗ್ ಮುರಿಯುವವರೆಗೂ ಕೀ ಕೊಡುವುದು, ಕರಡಿಯನ್ನು ಎತ್ತರದ ಹಲಗೆಯಿಂದ ನೆಲಕ್ಕೆ ಕೆಡವುವುದು, ಬಿಡಿಭಾಗಗಳನ್ನು ಮಗುವಿನ ಗಂಟಲಿನ ಅಳತೆಯ ಕೊಳವೆಯೊಳಗೆ ಹಾಕಿ ತೂರುತ್ತದೆಯೇ ಎಂದು ನೋಡುವುದು, ಹೀಗೆ ಕೈತುಂಬಾ ಕೆಲಸ. ಹೊರಗಿನವರಿಗೆ ಇದು ಆಟದಂತೆ ಕಾಣುತ್ತದೆ. ಒಳಗಿನವರಿಗೂ ಬಹುಮಟ್ಟಿಗೆ ಹಾಗೆಯೇ ಕಾಣುತ್ತದೆ. ನನ್ನ ನೆಂಟರಲ್ಲಿ ಅರ್ಧದಷ್ಟು ಮಂದಿ ಇಂಥದ್ದೊಂದು ನೌಕರಿ ಇದೆಯೆಂದು ಇವತ್ತಿಗೂ ನಂಬಿಲ್ಲ.

ಹೀಗೆ ನಾವೆಲ್ಲ ಯಾವ ಹಂತದಲ್ಲಿದ್ದೇವೆಂಬ ಅರಿವೇ ಇಲ್ಲದೆ ಕುರುಡಾಗಿ ಬದುಕುತ್ತಿದ್ದಾಗ ತಾವು ಆಗಮಿಸಿದಿರಿ. ಬಂದ ಮೊದಲ ವಾರದಲ್ಲೇ ಕ್ಯಾಂಟೀನಿನ ಎದುರು ಗೋಡೆಗೆ ಸುಣ್ಣ ಹೊಡೆಸಿ, ಮನುಷ್ಯನ ಬಾಳನ್ನು ಒಂದು ಮೆಟ್ಟಿಲ ಸಾಲಾಗಿ ಬರೆಸಿದಿರಿ. ಎಡಗಡೆ ಚೀಲ ಹೆಗಲಿಗೇರಿಸಿ ಹತ್ತುತ್ತಿರುವ ತರುಣ, ಅದು ಹುಡುಕಾಟದ ಹಂತ, ಹಸಿರು. ಮೇಲೆ ಕೈಕಟ್ಟಿ ನಿಂತ ಟೈ ತೊಟ್ಟವರು, ಅದು ಕಟ್ಟುವ ಹಂತ, ನೀಲಿ. ಆಮೇಲೆ ಒಂದು ಮೆಟ್ಟಿಲು ಇಳಿದರೆ ಫಲದ ಹಂತ, ಹಳದಿ. ಕೊನೆಗೆ, ಐವತ್ತೇಳು ದಾಟಿದವರಿಗೆ, ಹಿನ್ನೋಟದ ಹಂತ, ಬೂದು ಬಣ್ಣ. ಅಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತು ಕತ್ತು ತಿರುಗಿಸಿ ಹಿಂದಕ್ಕೆ ನೋಡುತ್ತಿದ್ದಾಳೆ. ಬಣ್ಣದ ವಿಭಾಗದವರು ಆಕೆಗೆ ನನ್ನ ಮೂಗನ್ನೇ ಇಟ್ಟಿದ್ದಾರೆಂದು ಎಲ್ಲರೂ ಹೇಳುತ್ತಾರೆ, ನನಗೇನೂ ಬೇಸರವಿಲ್ಲ, ಒಳ್ಳೆಯ ಮೂಗು. ಗೋಡೆ ಸಾಲದೆ ಹೋದದ್ದರಿಂದ ಆ ಕೊನೆಯ ಮೆಟ್ಟಿಲು ಕಸದ ಕೋಣೆಯ ಬಾಗಿಲಿಗೆ ಹೋಗಿ ಮುಟ್ಟುತ್ತದೆ. ಇದು ತಮ್ಮ ಉದ್ದೇಶವಾಗಿರಲಿಲ್ಲವೆಂದು ನಾನು ಎಲ್ಲರ ಬಳಿಯೂ ತಮ್ಮ ಪರವಾಗಿ ವಾದಿಸಿದ್ದೇನೆ.

ಆಮೇಲೆ ಎಲ್ಲರ ಎದೆಗೂ ಬಣ್ಣಬಣ್ಣದ ಬ್ಯಾಡ್ಜು ಬಂತು, ಬ್ಯಾಡ್ಜಿನ ಹಿಂದೆಯೇ ಹಂತಕ್ಕೆ ತಕ್ಕ ಕೆಲಸ ಬಂತು. ನನಗೆ ಬೂದು ಬಣ್ಣ, ಹಜಾರದ ಕುರ್ಚಿ, ಅದಕ್ಕೆ 'ಅನುಭವ ಪೀಠ' ಎಂಬ ಹೆಸರು. ಕೆಲಸಗಾರರು ಬಂದು ಕೇಳಿದರೆ ಅವರಿಗೆ ಅನುಭವ ಹಂಚುವುದು ನನ್ನ ಹೊಸ ಹೊಣೆ. ಮೊದಲ ದಿನ ಪಾರ್ಸಲ್ ತಂದವನೊಬ್ಬ ಬಂದು ಶೌಚಾಲಯ ಎಲ್ಲಿದೆಯೆಂದು ಕೇಳಿದ. ಈ ವಿಷಯದಲ್ಲಿ ನನ್ನ ಅನುಭವ ದೀರ್ಘವಾದದ್ದು, ಧಾರಾಳವಾಗಿ ಹಂಚಿದೆ. ಮರುದಿನ ಎಲೆಕ್ಟ್ರಿಷಿಯನ್ ಬಂದು ಕಾಲು ಸ್ವಲ್ಪ ಮೇಲೆತ್ತುತ್ತೀರಾ, ಕೆಳಗಡೆ ವೈರು ಎಳೆಯಬೇಕು ಎಂದ. ಎತ್ತಿದೆ. ಆ ವಾರ ನನ್ನ ಅನುಭವಕ್ಕಿದ್ದ ಬೇಡಿಕೆ ಅಷ್ಟೇ. ನಿನ್ನೆ ಮೊನ್ನೆಯವರೆಗೂ ಅಕ್ಕಾ ಎಂದು ಹೆಗಲ ಮೇಲೆ ಕೈಹಾಕುತ್ತಿದ್ದ ಪ್ಯಾಕಿಂಗ್ ಹುಡುಗಿಯರು ತಮ್ಮ ಸುತ್ತೋಲೆಯ ಪ್ರಕಾರ ನನ್ನನ್ನು 'ಹಿರಿಯರೇ' ಎಂದು ಕರೆದು ಎರಡು ಹೆಜ್ಜೆ ದೂರ ನಿಲ್ಲತೊಡಗಿದರು. ಹಾಗೆ ಕರೆಸಿಕೊಂಡಾಗಲೆಲ್ಲ ನನ್ನ ಹಿಂದೆ ಯಾರಾದರೂ ನಿಂತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದೆ. ಹಿನ್ನೋಟವೆಂದರೆ ಇದೇ ಇರಬೇಕು.

ತಮ್ಮ ಯೋಜನೆಯಿಂದ ಉಳಿದವರಿಗಾದ ಉಪಕಾರವನ್ನು ಹೇಳದೆ ಹೋದರೆ ಕೃತಘ್ನಳಾಗುತ್ತೇನೆ. ಕ್ಯಾಂಟೀನ್ ಅಮ್ಮನಿಗೆ ಅರವತ್ತು ಕಳೆದಿರುವುದರಿಂದ ಆಕೆಗೂ ಬೂದು ಬಣ್ಣ ಬಂತು, ಊಟಕ್ಕೆ ಮುಂಚಿನ ಒಂದು ಗಂಟೆ ನನ್ನ ಪಕ್ಕದಲ್ಲಿ ಕೂತು ಬಾಳನ್ನು ಮೆಲುಕು ಹಾಕಬೇಕೆಂಬ ಆಜ್ಞೆಯೂ ಬಂತು. ಆಕೆ ಮೂರು ದಿನ ವಿಧೇಯಳಾಗಿ ಮೆಲುಕು ಹಾಕಿದಳು. ಮೂರು ದಿನವೂ ಒಲೆಯ ಮೇಲಿಟ್ಟ ಹಾಲು ಉಕ್ಕಿ, ತಳ ಹಿಡಿದು, ಇಡೀ ಕಾರ್ಖಾನೆ ಸುಟ್ಟ ವಾಸನೆಯ ಚಹಾ ಕುಡಿಯಿತು. ನಾಲ್ಕನೆಯ ದಿನ ಅಚ್ಚಿನ ವಿಭಾಗದವರು ಯಂತ್ರ ನಿಲ್ಲಿಸಿ ಬಂದು, ಆಕೆಯ ಎದೆಗೆ ನೀಲಿ ಬ್ಯಾಡ್ಜು ಚುಚ್ಚಿ, ಹೆಚ್ಚುಕಡಿಮೆ ಹೊತ್ತುಕೊಂಡೇ ಒಲೆಯ ಬಳಿಗೆ ಕರೆದೊಯ್ದರು. "ಬಣ್ಣ ಬದಲಾಯಿಸಿದ್ರೆ ನಿಮಗೆ ಒಳ್ಳೆ ಚಹಾ ಸಿಗುತ್ತೆ ಅಂದ್ರೆ ನಾನು ಕಾಮನಬಿಲ್ಲೇ ಆಗ್ತೀನಿ ಬಿಡ್ರೋ" ಎಂದು ಆಕೆ ಹೋಗುತ್ತ ಹೋಗುತ್ತ ಹೇಳಿದ್ದು ಹಜಾರದವರೆಗೂ ಕೇಳಿಸಿತು. ಈ ಅಕ್ರಮ ಇಂದಿಗೂ ನಡೆಯುತ್ತಿದೆ. ಆ ಚಹಾವನ್ನು ತಾವೂ ದಿನಕ್ಕೆ ಎರಡು ಬಾರಿ ಕುಡಿಯುತ್ತಿರುವುದರಿಂದ ತಾವೂ ಇದರಲ್ಲಿ ಪಾಲುದಾರರೆಂದು ನಮ್ರತೆಯಿಂದ ನೆನಪಿಸುತ್ತೇನೆ.

ಇನ್ನು ನಮ್ಮ ಗೋಂದಣ್ಣ. ಮರದ ಗಾಡಿಗಳಿಗೆ ಚಕ್ರ ಅಂಟಿಸುವಾತ, ನಲವತ್ತೊಂಬತ್ತು ವಯಸ್ಸು, ಒಂಟಿ ಜೀವ. ಈ ವರ್ಷ ದಿನವೂ ತಾನು ಹತ್ತುವ ಬಸ್ಸನ್ನು ಓಡಿಸುವ ಹೆಂಗಸನ್ನು ಮೆಚ್ಚಿದ, ಆಕೆಯೂ ಇವನನ್ನು ಮೆಚ್ಚಿದಳು, ಮದುವೆಯೂ ನಿಶ್ಚಯವಾಯಿತು. ಇಂಥ ಹೊತ್ತಿನಲ್ಲಿ ಅವನಿಗೆ ತಮ್ಮಿಂದ ಒಂದು ಚೀಟಿ ಹೋಯಿತು: ಸಂಗಾತಿಯನ್ನು ಕಂಡುಕೊಳ್ಳುವ ಕಾರ್ಯ ಹಸಿರು ಹಂತಕ್ಕೆ ಸೇರಿದ್ದು, ತಾವು ನೀಲಿಯ ಕೊನೆಯಲ್ಲಿದ್ದೀರಿ, ಬಾಕಿ ಉಳಿದ ಬೆಳವಣಿಗೆಯನ್ನು ಆದಷ್ಟು ಬೇಗ ಪೂರೈಸಿಕೊಳ್ಳತಕ್ಕದ್ದು ಎಂದು. ಅನುಭವ ಪೀಠಕ್ಕೆ ನಿಜವಾಗಿ ಅನುಭವ ಕೇಳಲು ಬಂದ ಮೊದಲ ಗಿರಾಕಿ ಅವನೇ. "ಅಕ್ಕಾ, ನಾನೀಗ ಹಿಂದಕ್ಕೆ ಹೋಗಿ ಮದುವೆ ಆಗಿ ಬರ್ಬೇಕಾ, ಇಲ್ಲಾ ಇಲ್ಲೇ ನಿಂತು ಆಗ್ಬಹುದಾ?" ಎಂದು ಅಳುಮುಖ ಮಾಡಿಕೊಂಡು ಕೇಳಿದ. ಬಸ್ಸು ಬಂದಾಗ ಹತ್ತಿಕೊಳ್ಳುವುದು ಒಳ್ಳೆಯದೆಂದು ಹೇಳಿ ಕಳಿಸಿದೆ. ಪೀಠದಿಂದ ನಾನು ಹೇಳಿದ ಏಕೈಕ ಉಪದೇಶ ಅದು, ತಮ್ಮ ದಾಖಲೆಗೆ ಸೇರಿಸಿಕೊಳ್ಳಬಹುದು.

ಮನೆಯಲ್ಲಿಯೂ ನಾನು ತಮ್ಮ ಸಿದ್ಧಾಂತವನ್ನು ಪ್ರಚಾರ ಮಾಡದೆ ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ಅಮ್ಮ. ಅಮ್ಮನಿಗೆ ಎಂಬತ್ತೆರಡು. ಅಕ್ಕಪಕ್ಕದವರ ಚೀಲಗಳ ಕೆಟ್ಟ ಜಿಪ್ಪು ಸರಿಮಾಡಿಕೊಡುವುದು ಬೆಳಗಿನ ಕೆಲಸ, ಮೇಲಿನ ಮಹಡಿಯ ಗೆಳತಿಯ ಜತೆ ಇಸ್ಪೀಟಾಡುತ್ತ ಮೋಸ ಮಾಡುವುದು ಮಧ್ಯಾಹ್ನದ ಕೆಲಸ. ನನಗೆ ಹಿನ್ನೋಟದ ಹಂತ ಪ್ರಾಪ್ತವಾಗಿದೆಯೆಂದು ಬ್ಯಾಡ್ಜು ತೋರಿಸಿದಾಗ ಆಕೆ ಕನ್ನಡಕ ಏರಿಸಿ ನೋಡಿ, ಮುಖ ಗಂಟು ಹಾಕಿಕೊಂಡಳು. "ನನ್ನ ಕಣ್ಣೆದುರೇ ನೀನು ಮುದುಕಿ ಆಗ್ಬಿಟ್ರೆ ನಾನೇನಾಗ್ಲಿ? ವಸ್ತುಸಂಗ್ರಹಾಲಯಕ್ಕೆ ಹೋಗಿ ಗಾಜಿನ ಪೆಟ್ಟಿಗೇಲಿ ಕೂತ್ಕೊಳ್ಲಾ?" ಎಂದಳು. ಈ ಪ್ರಶ್ನೆಗೆ ಉತ್ತರ ತಮ್ಮ ಗೋಡೆಯಲ್ಲಿ ನನಗೆ ಸಿಗಲಿಲ್ಲ. ಎಂಬತ್ತೆರಡಕ್ಕೆ ಅಲ್ಲಿ ಮೆಟ್ಟಿಲೇ ಇಲ್ಲ, ನೇರ ಕಸದ ಕೋಣೆ. ಆದ್ದರಿಂದ ಅಮ್ಮನನ್ನು ಯಾವ ಹಂತಕ್ಕೆ ಸೇರಿಸಬೇಕೆಂದು ತಾವೇ ಖುದ್ದಾಗಿ ಬಂದು ಆಕೆಗೆ ತಿಳಿಸಿಕೊಡಬೇಕು, ನಾನು ಬೀದಿಯ ತುದಿಯಲ್ಲಿ ಕಾಯುತ್ತಿರುತ್ತೇನೆ.

ಈಗ ಎಲ್ಲರೂ ಬಲ್ಲ, ಯಾರೂ ಗಟ್ಟಿಯಾಗಿ ಮಾತಾಡದ ಆ ಲೇಬಲ್ಲಿನ ಪ್ರಸಂಗಕ್ಕೆ ಬರುತ್ತೇನೆ. ಹಂತದ ವಯಸ್ಸು ಬರೆದ ನಮ್ಮ ಬ್ಯಾಡ್ಜುಗಳ ಚೀಟಿಗಳನ್ನು ಬೇರೆ ಎಲ್ಲೂ ಮಾಡಿಸದೆ, ಡಬ್ಬಿಗಳಿಗೆ ವಯಸ್ಸು ಅಚ್ಚು ಮಾಡುವ ನಮ್ಮದೇ ಯಂತ್ರದಲ್ಲಿ ಮಾಡಿಸಿದ್ದು ತಮ್ಮ ಮಿತವ್ಯಯದ ಗುಣಕ್ಕೆ ಸಾಕ್ಷಿ. ಎರಡನೆಯ ಕಂತು ಅಚ್ಚಾಗುವ ದಿನ ಪ್ಯಾಕಿಂಗ್ ವಿಭಾಗದ ಹಸಿರು ಬ್ಯಾಡ್ಜಿನವರನ್ನೆಲ್ಲ ತಾವು ತಾರಸಿಗೆ ಕರೆದೊಯ್ದು, ಕಣ್ಣು ಮುಚ್ಚಿಸಿ, ಬಾಳಿನ ಗುರಿ ಹುಡುಕಿಸುತ್ತಿದ್ದಿರಿ. ಗುರಿ ಸಿಗುವ ಹೊತ್ತಿಗೆ ಕೆಳಗೆ ಲಾರಿ ಬಂದು ಹಾರನ್ ಹೊಡೆಯತೊಡಗಿತ್ತು. ಬಿದ್ದಂಬೀಳ ಓಡಿ ಬಂದವರು ಕೈಗೆ ಸಿಕ್ಕ ಸುರುಳಿಯನ್ನು ಸಿಕ್ಕಲ್ಲಿಗೆ ಅಂಟಿಸಿದರು. ಹೀಗಾಗಿ ಕೀ ಕೊಡುವ ರೈಲಿನ ಡಬ್ಬಿಗಳೆಲ್ಲ 'ಐವತ್ತೇಳು ವರ್ಷ ಮೇಲ್ಪಟ್ಟವರಿಗೆ' ಎಂಬ ಚೀಟಿ ಹೊತ್ತು ಊರೂರಿನ ಅಂಗಡಿಗಳಿಗೆ ಹೊರಟುಹೋದವು. ಹಿನ್ನೋಟದ ಹಂತದ ನಮ್ಮ ಎದೆಗೆ ಬಂದ ಹೊಸ ಬ್ಯಾಡ್ಜಿನಲ್ಲಿ 'ಮೂರು ವರ್ಷ ಮೇಲ್ಪಟ್ಟವರಿಗೆ. ಸಣ್ಣ ಬಿಡಿಭಾಗಗಳಿವೆ. ದೊಡ್ಡವರ ಮೇಲ್ವಿಚಾರಣೆಯಲ್ಲಿ ಬಳಸಿ' ಎಂದಿತ್ತು. ಅದನ್ನು ನಾನು ಇಡೀ ದಿನ ಹೆಮ್ಮೆಯಿಂದ ಧರಿಸಿದ್ದೆ. ಬೆಳಗ್ಗೆ ತಾವೇ ಎದುರಿಗೆ ಬಂದು, ಅದನ್ನು ಓದಿ, ಏನೂ ಆಗಿಲ್ಲವೆಂಬಂತೆ ತಲೆಯಾಡಿಸಿ ಹೋದಿರಿ. ಅಂದು ಹಜಾರದಲ್ಲಿ ಹೊಟ್ಟೆ ಹುಣ್ಣಾಗುವಂತೆ ನಕ್ಕವರು ನಾವಿಬ್ಬರೇ, ನಾನು ಮತ್ತು ಕಾವಲುಗಾರ.

ಅಂಗಡಿಯವರು ಬೈಯುತ್ತಾರೆಂದು ತಾವು ಹೆದರಿ ಫೋನಿನ ಹತ್ತಿರವೇ ಕೂತಿದ್ದಿರಿ. ಅವರು ಫೋನು ಮಾಡಿದ್ದು ನಿಜ, ಆದರೆ ಇನ್ನಷ್ಟು ರೈಲು ಕಳಿಸಿ ಎಂದು ಕೇಳಲು. ಆ ವಾರದ ಕೊನೆಯಲ್ಲಿ ಬಿಳಿ ಮೀಸೆಯ ಹಿರಿಯರೊಬ್ಬರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಖಾನೆಯ ಬಾಗಿಲಿಗೇ ಬಂದರು. ಟಿಕೆಟ್ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಂತೆ. ಹಜಾರದಲ್ಲಿ ನಾನೊಬ್ಬಳೇ ಬಿಡುವಾಗಿದ್ದೆ, ನನ್ನ ಎದುರಿಗೆ ಕೂತರು. "ಅಲ್ಲಮ್ಮಾ, ಇಷ್ಟು ವರ್ಷ ಮೊಮ್ಮಗೂಗೆ ಅಂತ ಸುಳ್ಳು ಹೇಳಿ ತಗೊಂಡ್ಹೋಗ್ತಿದ್ದೆ. ನನಗೆ ಮೊಮ್ಮಗೂನೇ ಇಲ್ಲ. ಮೊನ್ನೆ ಅಂಗಡೀಲಿ ಇದನ್ನ ಎತ್ಕೊಂಡು, ನನಗೇ ಅಂತ ಗಟ್ಟಿಯಾಗಿ ಹೇಳಿ ತಗೊಂಡೆ" ಎಂದರು. ಹೇಳುವಾಗ ಅವರ ಮುಖ ಅರಳಿತ್ತು. ಅವರಿಗೆ ಇದ್ದ ದೂರು ಒಂದೇ: ಪಕ್ಕದ ಮನೆಯ ಗೆಳೆಯನಿಗೆ ಇನ್ನೂ ಐವತ್ತೈದು, ಅವನು ಇನ್ನೂ ಎರಡು ವರ್ಷ ಕಾಯಬೇಕೇ, ಏನಾದರೂ ವಿನಾಯಿತಿ ಉಂಟೇ ಎಂದು. ಕದ್ದುಮುಚ್ಚಿ ಆಡಿದರೆ ಕಂಪನಿ ಕಣ್ಣು ಮುಚ್ಚಿಕೊಳ್ಳುತ್ತದೆಂದು ತಮ್ಮ ಹೆಸರಿನಲ್ಲಿ ಭರವಸೆ ಕೊಟ್ಟಿದ್ದೇನೆ.

ತಮ್ಮ ಚಾಣಾಕ್ಷತನವನ್ನು ಮೆಚ್ಚಲೇಬೇಕು. ಎರಡೇ ದಿನದಲ್ಲಿ ಆ ತಪ್ಪು ತಮ್ಮ ಯೋಜನೆಯೇ ಆಗಿಬಿಟ್ಟಿತು, 'ಐವತ್ತೇಳರ ಮೇಲಿನ ಆಟಿಕೆಗಳು' ಎಂಬ ಹೊಸ ವಿಭಾಗದ ಪ್ರಕಟಣೆ ಬಂತು. ಅದರ ಜತೆಗೆ ನನಗೊಂದು ಗೌರವದ ಆಹ್ವಾನವೂ ಬಂತು: ನನ್ನ ಕುರ್ಚಿಯ ಪಕ್ಕದಲ್ಲೇ ಒಂದು ಪುಟ್ಟ ಮೇಜು ಹಾಕಿಸಿಕೊಡುತ್ತೇವೆ, ನಿಮ್ಮ ಹಂತಕ್ಕೆ ಸೇರಿದ ಆಟಿಕೆಗಳನ್ನು ಅಲ್ಲಿ ಕೂತು ಪರೀಕ್ಷಿಸಬಹುದು, ಒಳಗಿನ ಮೇಜು ಇನ್ನು ಮುಂದೆ ಹಸಿರು ಹಂತದವರಿಗೆ ಮೀಸಲು, ಸೋಮವಾರದೊಳಗೆ ಒಪ್ಪಿಗೆ ತಿಳಿಸತಕ್ಕದ್ದು. ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರೇನೋ. ನಾನು ಮಾತ್ರ ಆ ಕಾಗದವನ್ನು ಮಡಚಿಟ್ಟು ಪೆನ್ನು ತೆಗೆದುಕೊಂಡೆ. ಈ ಪತ್ರವೇ ನನ್ನ ಉತ್ತರ.

ಮಾನ್ಯರೇ, ನಮ್ಮ ಡಬ್ಬಿಗಳನ್ನು ತಾವು ಒಮ್ಮೆಯಾದರೂ ಕೈಗೆತ್ತಿಕೊಂಡು ಓದಿದ್ದೀರೋ ತಿಳಿಯದು. ಅವುಗಳ ಮೇಲೆ ಮೂರು ವರ್ಷ ಮೇಲ್ಪಟ್ಟವರಿಗೆ, ಆರು ವರ್ಷ ಮೇಲ್ಪಟ್ಟವರಿಗೆ ಎಂದಿರುತ್ತದೆ. ಇಷ್ಟರಿಂದ ಶುರು ಎಂದು ಹೇಳುತ್ತೇವೆಯೇ ಹೊರತು ಇಷ್ಟಕ್ಕೆ ಮುಗಿಯಿತು ಎಂದು ನಮ್ಮ ಕೋಣೆಯಿಂದ ಯಾವ ಡಬ್ಬಿಯೂ ಹೊರಗೆ ಹೋಗಿಲ್ಲ. ಶುರುವಿನ ಗೆರೆಗೆ ಕಾರಣವಿದೆ, ಮಗುವಿನ ಗಂಟಲು ಚಿಕ್ಕದು, ಬೆರಳು ಮೆತ್ತಗೆ. ಮುಗಿಯುವ ಗೆರೆಗೆ ಕಾರಣ ಹುಡುಕಿದರೂ ನನಗೆ ಸಿಕ್ಕಿಲ್ಲ. ಬುಗುರಿ ಆಡಿಸುತ್ತಿದ್ದವನು ಯಾವ ಬೆಳಗ್ಗೆ ಎದ್ದು ಬುಗುರಿಗೆ ದೊಡ್ಡವನಾದನೆಂದು ಯಾರು ಹೇಳಬಲ್ಲರು? ತಮ್ಮ ಗೋಡೆಯಲ್ಲಿ ಮಾತ್ರ ಪ್ರತಿ ಮೆಟ್ಟಿಲಿಗೂ ಮೇಲೊಂದು ಕೆಳಗೊಂದು ಗೆರೆ ಇದೆ. ಮೂವತ್ತಕ್ಕೆ ಹುಡುಕಾಟ ಬಂದ್, ಐವತ್ತಕ್ಕೆ ಕಟ್ಟೋಣ ಬಂದ್. ನನ್ನನ್ನು ಕೇಳಿದ್ದರೆ ಆ ಗೋಡೆಯ ಮೇಲಿನ ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ಬರಿ ಮೆಟ್ಟಿಲು ಬಿಡುತ್ತಿದ್ದೆ. ಬೇಕಾದವರು ಹತ್ತಲಿ, ಬೇಕಾದವರು ನಡುವೆ ಕೂತು ಚಹಾ ಕುಡಿಯಲಿ.

ನನಗೆ ವಯಸ್ಸಾಗಿಲ್ಲವೆಂದು ನಾನು ವಾದಿಸುತ್ತಿಲ್ಲ. ಆಗಿದೆ. ಮೊಣಕಾಲು ನನಗಿಂತ ಮೊದಲೇ ಎದ್ದು ನನಗಿಂತ ಹೆಚ್ಚು ಮಾತಾಡುತ್ತದೆ. ಗೊಂಬೆಯ ಕುತ್ತಿಗೆಯಲ್ಲಿನ ಕೂದಲೆಳೆಯಷ್ಟು ಬಿರುಕು ನನ್ನ ಕಣ್ಣಿಗೆ ಈಗ ಬೀಳುವುದಿಲ್ಲ, ನನ್ನ ಜಾಗಕ್ಕೆ ಬಂದಿರುವ ಹೊಸ ಹುಡುಗಿಗೆ ಬೀಳುತ್ತದೆ. ಆಕೆ ಚುರುಕು, ಒಳ್ಳೆಯವಳು, ನನಗಿಂತ ಅಚ್ಚುಕಟ್ಟು. ಒಂದೇ ಕೊರತೆಯೆಂದರೆ ಆಟಿಕೆಗಳ ಜತೆ ತೀರಾ ಮರ್ಯಾದೆಯಿಂದ ನಡೆದುಕೊಳ್ಳುತ್ತಾಳೆ, ಕರಡಿಯನ್ನು ಕೆಡವುವ ಮೊದಲು ಅದರ ಅನುಮತಿ ಕೇಳುವವಳಂತೆ ನಿಲ್ಲುತ್ತಾಳೆ. ಕಳೆದ ವಾರ ಊಟದ ಹೊತ್ತಿನಲ್ಲಿ ಮೆಲ್ಲಗೆ ಹಜಾರಕ್ಕೆ ಬಂದು, "ಅಕ್ಕಾ, ಒಳಗೆ ಒಬ್ಬಳೇ ಆಡೋದಕ್ಕೆ ಒಂಥರಾ ಆಗುತ್ತೆ. ಯಾವಾಗ ಬರ್ತೀರಿ?" ಎಂದಳು. ಹಿರಿಯರೇ ಎನ್ನಲಿಲ್ಲ, ಅಕ್ಕಾ ಎಂದಳು. ಆಕೆ ಒಳಗೆ ಹೋದ ಮೇಲೆ ನಾನು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ಅತ್ತೆ, ಇದನ್ನೂ ಫಲಕದ ಮೇಲೆ ಬರೆಯಲು ನನಗೆ ನಾಚಿಕೆಯಿಲ್ಲ. ಮೆತ್ತನೆಯ ಕುರ್ಚಿ ಒಳ್ಳೆಯದೇ. ಆದರೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಇಡೀ ದಿನ ಮಡಿಲಲ್ಲಿ ಇಟ್ಟುಕೊಂಡು ಕೂರುವುದು ನನ್ನಿಂದ ಆಗುತ್ತಿಲ್ಲ. ನನಗೆ ನನ್ನ ಮೇಜು ಬೇಕು. ಅರ್ಧ ಮೇಜಾದರೂ ಸಾಕು, ಉಳಿದರ್ಧ ಆ ಹುಡುಗಿಗಿರಲಿ, ಬಿರುಕು ಅವಳು ನೋಡಲಿ, ಕರಡಿ ನಾನು ಕೆಡವುತ್ತೇನೆ.

ಇಲ್ಲಿ ತಮ್ಮ ವಿಷಯವಾಗಿ ಒಂದು ಮಾತು ಹೇಳಲು ಅಪ್ಪಣೆಯಾಗಬೇಕು. ತಮಗೆ ಮೂವತ್ತೆಂಟು, ನೀಲಿ ಹಂತ, ಕಟ್ಟುವವರು. ಆದ್ದರಿಂದಲೋ ಏನೋ ತಾವು ಬಂದಾಗಿನಿಂದ ಊಟವನ್ನೂ ನಿಂತೇ ಮಾಡುತ್ತೀರಿ, ಮೆಟ್ಟಿಲಿಳಿಯುವಾಗಲೂ ಫೋನಿನಲ್ಲಿ ಏನೋ ಕಟ್ಟುತ್ತಿರುತ್ತೀರಿ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದೆ. ಮೊನ್ನೆ ಮೇಜಿನ ವಿಷಯ ಮಾತಾಡಲು ಹಜಾರಕ್ಕೆ ಬಂದಾಗ, ನಾನು ಬೇಸರ ಕಳೆಯಲು ಇಟ್ಟುಕೊಂಡಿದ್ದ ತಗಡಿನ ಕಪ್ಪೆಯನ್ನು ತಾವು ಸುಮ್ಮನೆ ಕೈಗೆತ್ತಿಕೊಂಡಿರಿ. ಕೀ ಕೊಟ್ಟಿರಿ. ಅದು ನೆಗೆದು ತಮ್ಮ ಬೂಟಿನ ಮೇಲೆ ಬಿತ್ತು. ಮತ್ತೊಮ್ಮೆ ಕೊಟ್ಟಿರಿ. ಆಮೇಲೆ ನೆಲದ ಮೇಲೆ ಮಂಡಿಯೂರಿ, ಟೈಯನ್ನು ಹೆಗಲ ಮೇಲೆ ಹಾಕಿಕೊಂಡು, ಕಪ್ಪೆಯನ್ನು ಕಂಬದವರೆಗೂ ಓಡಿಸಿದಿರಿ, "ಹೋಯ್ತು, ಹೋಯ್ತು, ನೋಡಿ ಹೋಯ್ತು!" ಎಂದು ಕೂಗಿದಿರಿ. ಮಾನ್ಯರೇ, ತಮಗೆ ಹಲ್ಲುಗಳಿವೆಯೆಂದು ನನಗೆ ಗೊತ್ತಾದದ್ದೇ ಅಂದು. ಕಾವಲುಗಾರ ಕೆಮ್ಮಿದ, ತಾವು ಎದ್ದು ಮಂಡಿ ಒರೆಸಿಕೊಂಡು, ಬ್ಯಾಡ್ಜು ನೆಟ್ಟಗೆ ಮಾಡಿಕೊಂಡು, ಬಂದ ಕೆಲಸವನ್ನೇ ಮರೆತು ಹೊರಟುಹೋದಿರಿ. ಆ ಕಪ್ಪೆಯ ಡಬ್ಬಿಗೆ ಐದು ವರ್ಷ ಮೇಲ್ಪಟ್ಟವರಿಗೆ ಎಂದು ಹಿಂದೊಮ್ಮೆ ಬರೆಸಿದವಳು ನಾನೇ, ನನ್ನ ಲೆಕ್ಕ ಸರಿಯಿತ್ತೆಂದು ಅಂದು ಖಾತ್ರಿಯಾಯಿತು.

ಆದಕಾರಣ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆಗಳು ಇವು. ಗೋಡೆಯ ಕೊನೆಯ ಮೆಟ್ಟಿಲನ್ನು ಕಸದ ಕೋಣೆಯಿಂದ ತಪ್ಪಿಸಿ, ಬೇಕಾದರೆ ಮೂಲೆ ತಿರುಗಿಸಿ, ಕ್ಯಾಂಟೀನಿನ ಒಳಗೆ ತಂದು ಬಿಡತಕ್ಕದ್ದು. ಗೋಂದಣ್ಣನ ಮದುವೆಗೆ ಹಿಂದಿನ ದಿನಾಂಕದ ಹಸಿರು ಬ್ಯಾಡ್ಜು ಮಂಜೂರು ಮಾಡತಕ್ಕದ್ದು, ವಧುವಿಗೂ ಒಂದು. ಹಂತ ಬದಲಾಗುವ ದಿನ ಆಯಾ ನೌಕರನ ಮೊಣಕಾಲು, ಕೂದಲು ಮತ್ತು ಆಸೆಗಳಿಗೆ ಒಂದೇ ಸಮಯಕ್ಕೆ ಹಾಜರಾಗುವಂತೆ ಸುತ್ತೋಲೆ ಹೊರಡಿಸತಕ್ಕದ್ದು, ಏಕೆಂದರೆ ನನ್ನವು ಬೇರೆ ಬೇರೆ ವಯಸ್ಸಿನವು, ಒಂದರ ಮಾತು ಇನ್ನೊಂದು ಕೇಳುವುದಿಲ್ಲ. ಅನುಭವ ಪೀಠವನ್ನು ರದ್ದು ಮಾಡುವುದು ಬೇಡ. ಅಷ್ಟು ಒಳ್ಳೆಯ ಕುರ್ಚಿಯಲ್ಲಿ ದಿನಕ್ಕೆ ಅರ್ಧ ಗಂಟೆ, ಫೋನನ್ನು ಕಾವಲುಗಾರನ ಕೈಗೆ ಕೊಟ್ಟು, ತಾವು ಕೂರಬೇಕೆಂದು ನನ್ನ ಪ್ರಾರ್ಥನೆ. ಕಟ್ಟುವವರಿಗೆ ದಣಿವಾಗುತ್ತದೆ. ಕಪ್ಪೆಯನ್ನು ಅಲ್ಲೇ ಬಿಟ್ಟಿದ್ದೇನೆ.

ನನ್ನ ಮಟ್ಟಿಗೆ ಹೇಳುವುದಾದರೆ, ಐವತ್ತೇಳರ ಮೇಲಿನ ಪುಟ್ಟ ಮೇಜನ್ನು ಸವಿನಯವಾಗಿ ನಿರಾಕರಿಸುತ್ತೇನೆ. ಸೋಮವಾರ ಬೆಳಗ್ಗೆ ನಾನು ಹಜಾರದಲ್ಲಿ ನಿಲ್ಲದೆ ನೇರವಾಗಿ ವಯಸ್ಸಿನ ಕೋಣೆಗೆ ಹೋಗಿ, ಕಿಟಕಿಯ ಪಕ್ಕ, ಆ ಹುಡುಗಿಯ ಎಡಗಡೆ ಕೂರುತ್ತೇನೆ. ಹೊಸದಾಗಿ ಬಂದಿರುವ ಮರದ ಜಿರಾಫೆಯೊಂದು ವಯಸ್ಸಿಲ್ಲದೆ ಕಾಯುತ್ತಿದೆಯಂತೆ. ನನ್ನನ್ನು ಅಲ್ಲಿಂದ ಎಬ್ಬಿಸಬೇಕೆಂದಿದ್ದರೆ ತಾವು ಯಾವಾಗ ಬೇಕಾದರೂ ಬರಬಹುದು, ತಮಗೆ ಸ್ವಾಗತವಿದೆ. ಬರುವಾಗ ಬ್ಯಾಡ್ಜು ಮಾತ್ರ ಹೊರಗೆ ತೆಗೆದಿಟ್ಟು ಬನ್ನಿ. ಹಿಂಬದಿಯ ಪಿನ್ನು ಚೂಪಾಗಿದೆ, ಯಾವ ವಯಸ್ಸಿನವರ ಮೈಮೇಲೂ ಅದು ಇರತಕ್ಕದ್ದಲ್ಲವೆಂದು ನಮ್ಮ ಕೋಣೆ ತೀರ್ಮಾನಿಸಿದೆ.

ಮೂರು ವರ್ಷ ಮೇಲ್ಪಟ್ಟ, ಮೇಲಿನ ಗೆರೆಯಿಲ್ಲದ,
ತಮ್ಮ ವಿಶ್ವಾಸಿ,
ವಯಸ್ಸಿನ ಕೋಣೆಯವಳು

ಮರೆತ ಮಾತು: ಈ ಪತ್ರವನ್ನು ಫಲಕಕ್ಕೆ ಹಚ್ಚುವ ಮುನ್ನ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. ನಾನು ತಮ್ಮನ್ನು ತುಂಬಾ ಗೋಳು ಹೊಯ್ದುಕೊಂಡಿದ್ದೇನೆಂದು ಆಕೆಗೆ ನನ್ನ ಮೇಲೆ ಸಿಟ್ಟು ಬಂದಿದೆ. "ಪಾಪ, ಮೂವತ್ತೆಂಟು ಅಂದ್ರೆ ಇನ್ನೂ ಚಿಕ್ಕ ಮಗು ಕಣೇ, ಅದಕ್ಕೇನು ಗೊತ್ತಾಗುತ್ತೆ. ದೊಡ್ಡವನಾದ್ಮೇಲೆ ಸರಿಹೋಗ್ತಾನೆ ಬಿಡು" ಎಂದಳು. ಆಕೆಯ ಮಾತಿಗೆ ಬೆಲೆ ಕೊಟ್ಟು, ತಾವು ದೊಡ್ಡವರಾಗುವವರೆಗೆ ಕಾಯಲು ನಾನು ಸಿದ್ಧಳಿದ್ದೇನೆ, ನನ್ನ ಮೇಜಿನ ಮುಂದೆ ಕೂತು.